ನಾಲ್ಕು ಸಾಲಿನಲ್ಲಿ ಒಂದು ಮಹಾದೈತ್ಯ

ವಿವೈ ಕ್ಯಾನಿಸ್ ಮೇಜೋರಿಸ್ ನಕ್ಷತ್ರದ ಬಗ್ಗೆ ರೇಡಿಯೋ ದೂರದರ್ಶಕಗಳು ತಿಳಿಸಿದ್ದನ್ನು ನಾಲ್ಕು ಸಾಲಿಗೆ ಇಳಿಸಿ, ಒಂದೊಂದನ್ನೂ ಬಿಡಿಸಿದ್ದೇನೆ.

ಕೆಂಪು ಮಹಾದೈತ್ಯ, ದೂರ ಸುಮಾರು 3,800 ಜ್ಯೋತಿರ್ವರ್ಷ, ಪಕ್ಕದಲ್ಲೇ ಆಣ್ವಿಕ ಮೋಡ.

ಲುಬ್ಧಕ ಇರುವ ಪುಂಜದಲ್ಲೇ ಇದೂ ಇದೆ. ಇಂಥ ಮೋಡದ ಬಳಿ ಸಾಮಾನ್ಯವಾಗಿ ಸಿಗುವುದು ಎಳೆಯ ನಕ್ಷತ್ರಗಳು. ಇದರ ಸುತ್ತ ದಟ್ಟ ಧೂಳು ಬೇರೆ. 1970ರ ಸುಮಾರಿಗೆ ಖಗೋಳಜ್ಞ ಜಾರ್ಜ್ ಹರ್ಬಿಗ್ ಇದು ಇನ್ನೂ ರೂಪುಗೊಳ್ಳುತ್ತಿರುವ ನಕ್ಷತ್ರವಿರಬಹುದು ಎಂದಿದ್ದರು. ನಿಜದಲ್ಲಿ ಇದು ಮುದಿ. ಭಾರೀ ನಕ್ಷತ್ರದ ಆಯುಸ್ಸು ಒಂದು ಕೋಟಿ ವರ್ಷದ ಆಸುಪಾಸು. ಹುಟ್ಟಿದ ಕೇರಿ ಬಿಟ್ಟು ದೂರ ಹೋಗಲು ಅದಕ್ಕೆ ಪುರಸೊತ್ತಿಲ್ಲ.

ಸಿಲಿಕಾನ್ ಮಾನಾಕ್ಸೈಡ್, 43.122 ಗಿಗಾಹರ್ಟ್ಸ್.

ನಕ್ಷತ್ರಕ್ಕೆ ತೀರ ಹತ್ತಿರದ ಮೇಸರ್ (ಲೇಸರಿನಂತೆ ಬಲಿತ ರೇಡಿಯೋ ಅಲೆ) ಇದು. ಕಂಪಿಸುತ್ತಿರುವ ಬಿಸಿ ಅಣುಗಳಿಂದ ಹೊಮ್ಮುತ್ತದೆ. ಇನ್ನಷ್ಟು ಆಚೆ, ನಕ್ಷತ್ರದಿಂದ ಹೊರಬೀಸುವ ಅನಿಲ, ಅಂದರೆ ಅದರ ಮಾರುತ, ತಣ್ಣಗಾಗಿ ಧೂಳು ಕಟ್ಟಿದರೆ ಸಿಲಿಕಾನ್ ಅದರೊಳಗೆ ಸೇರಿಹೋಗುತ್ತದೆ. ಇದೊಂದನ್ನೇ ನಂಬಿ ವಯಸ್ಸು ಹೇಳುವಂತಿಲ್ಲ: ಒರಾಯನ್ ಮೋಡದ ಎಳೆಯ ನಕ್ಷತ್ರವೊಂದರ ಬಳಿಯೂ ಇದು ಸಿಕ್ಕಿದೆ.

ನೀರು, 22.235 ಗಿಗಾಹರ್ಟ್ಸ್.

ಇನ್ನೂ ಹೊರಗಿನದು. ನಕ್ಷತ್ರ ಹುಟ್ಟುವ ತಾಣಗಳಲ್ಲೂ ಇದೇ ರೇಖೆ ಝಗಝಗಿಸುವುದರಿಂದ ಇದರ ಸಾಕ್ಷ್ಯವೂ ಅರೆಬರೆ.

ಹೈಡ್ರಾಕ್ಸಿಲ್, 1612 ಮೆಗಾಹರ್ಟ್ಸ್, ಎರಡು ಶಿಖರ.

ನಕ್ಷತ್ರದ ಮುಪ್ಪಿನ ಗುಟ್ಟು ರಟ್ಟಾಗುವುದು ಇಲ್ಲಿ. ಅಂತರತಾರಾ ನೇರಳಾತೀತ ಬೆಳಕು ಹೊರ ಅಂಚಿನ ನೀರನ್ನು ಒಡೆದಾಗ ಹೈಡ್ರಾಕ್ಸಿಲ್ ಉಳಿಯುತ್ತದೆ. ಧೂಳಿನ ಅವಕೆಂಪು ಕಿರಣ ಅದನ್ನು ಮೇಲಿನ ಶಕ್ತಿಮಟ್ಟದಲ್ಲಿ ಜಮಾಯಿಸುತ್ತದೆ. ಹಾದುಹೋಗುವ ರೇಡಿಯೋ ಅಲೆ ತನ್ನಂಥದೇ ಅಲೆಗಳನ್ನು ಹೊರಡಿಸುತ್ತ ಬಲಿಯುತ್ತದೆ. ಬಲಿಯಬೇಕಾದರೆ ದಾರಿಯುದ್ದಕ್ಕೂ ಅನಿಲದ ವೇಗ ಒಂದೇ ಇರಬೇಕು. ಉಬ್ಬುತ್ತಿರುವ ಕವಚದಲ್ಲಿ ಅದು ನಮ್ಮ ನೇರಕ್ಕೆ ಮಾತ್ರ ಸಾಧ್ಯ: ನಮ್ಮ ಕಡೆ ಬರುವ ಮುಂಭಾಗದಲ್ಲಿ, ದೂರ ಸರಿಯುವ ಹಿಂಭಾಗದಲ್ಲಿ. ಹಾಗಾಗಿ ಎರಡು ಶಿಖರ. ಅವುಗಳ ವೇಗಗಳ ನಡುವಣ ಅಂತರದ ಅರ್ಧವೇ ಮಾರುತದ ವೇಗ. ಇಲ್ಲಿ ಸೆಕೆಂಡಿಗೆ ಮೂವತ್ತು-ನಲವತ್ತು ಕಿಲೋಮೀಟರ್. ಎಳೆಯರ ತಾಣಗಳಲ್ಲಾದರೆ 1665 ಮೆಗಾಹರ್ಟ್ಸ್ ರೇಖೆಯೇ ಸಾಮಾನ್ಯವಾಗಿ ಮೇಲುಗೈ.

ಶಿಖರಗಳ ನಟ್ಟನಡುವೆ ನಕ್ಷತ್ರದ ಸ್ವಂತ ವೇಗ ಸಿಗುತ್ತದೆ. 1978ರಲ್ಲಿ ಖಗೋಳಜ್ಞರಾದ ಚಾರ್ಲ್ಸ್ ಲಾಡಾ, ಮಾರ್ಕ್ ರೀಡ್ ಪಕ್ಕದ ಮೋಡಕ್ಕೂ ಈ ನಕ್ಷತ್ರಕ್ಕೂ ನಂಟು ಹಾಕಿದ್ದರಲ್ಲಿ ಎರಡರ ವೇಗಗಳೂ ಹತ್ತಿರ ಇದ್ದದ್ದು ದೊಡ್ಡ ಆಧಾರ. ಆದರೆ ಈ ಮಹಾದೈತ್ಯನ ಶಿಖರಗಳು ಪಠ್ಯಪುಸ್ತಕದಷ್ಟು ನಯವಾಗಿಲ್ಲ, ನಡುನಡುವೆ ಚೂಪು ಮೊನೆಗಳು. ಮಾರುತ ಒಂದೇ ಸಮನೆ ಬೀಸದೆ ಉಂಡೆ ಉಂಡೆಯಾಗಿ ಸಿಡಿದಿದೆ. ಹಬಲ್ ತೆಗೆದ ಚಿತ್ರಗಳಲ್ಲಿ ಆ ಗಂಟುಗಳೂ ಕಮಾನುಗಳೂ ಎದ್ದು ಕಾಣುತ್ತವೆ.