ಯೆಜ್ಡಿಯ ಪಾಠಾಂತರಗಳು

ಹಳೆಯ ಬೈಕನ್ನು ‘ಮೊದಲಿನಂತೆ’ ಮಾಡುವುದು ಎಂದರೇನು? ಹಸ್ತಪ್ರತಿಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಈ ಪ್ರಶ್ನೆ ಎದುರಾದದ್ದು ಬಳ್ಳಾರಿಯ ಒಂದು ಗ್ಯಾರೇಜಿನಲ್ಲಿ.

ಸಿರುಗುಪ್ಪದಲ್ಲಿ ಭತ್ತ ಬೆಳೆಯುವ ನನ್ನ ಸೋದರಮಾವ ಮೂವತ್ತು ವರ್ಷ ಓಡಿಸಿದ ಯೆಜ್ಡಿ ರೋಡ್‌ಕಿಂಗ್ ಅದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ನಿಂತುಹೋಯಿತು. ಅಸಲಿ ಬಿಡಿಭಾಗ ಬೇಕೆಂದರೆ ಹವ್ಯಾಸಿಗಳೇ ಒಬ್ಬರಿಗೊಬ್ಬರು ಆಗಬೇಕು. ಕುರುಗೋಡಿನ ಒಬ್ಬರು ಕಾರ್ಬ್ಯುರೇಟರ್ ಕೊಟ್ಟರು, ನಾನು ಸೈಲೆನ್ಸರ್ ಕೊಟ್ಟೆ. ಗೆದ್ದಲು ತಿಂದ ಒಂದು ಓಲೆಯ ಸಾಲು ಇನ್ನೊಂದು ಪ್ರತಿಯಲ್ಲಿ ಸಿಗುವ ಹಾಗೆ. ಕಿಕ್ಕರನ್ನೇ ಒಳಗೊತ್ತಿ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್ ಆಗುವ ಚಮತ್ಕಾರವನ್ನೂ ಅವರೇ ಕಾಲಿಟ್ಟು ತೋರಿಸಿದರು. ಅದು ಓದಿ ಬರುವ ವಿದ್ಯೆಯಲ್ಲ.

ಎಂಜಿನ್ ಬಗ್ಗೆ ನನಗೆ ಭಾವುಕತೆಯಿಲ್ಲ. ತುಕ್ಕು ಲಿಪಿಕಾರನ ತಪ್ಪಿದ್ದಂತೆ, ತಿದ್ದಲೇಬೇಕು. ತೊಡಕಾದದ್ದು ಬಣ್ಣದಲ್ಲಿ. ಟ್ಯಾಂಕಿನ ಮೇಲೆ ಮಾವನ ಮೊಣಕಾಲು ಸವೆಸಿದ ಗುರುತು, ಹಿಂದೆ ಭತ್ತದ ಚೀಲ ಬಿಗಿದ ಹಗ್ಗದ ಗೀರು, ಪಕ್ಕದ ಪೆಟ್ಟಿಗೆಯ ಮೇಲೆ ಬೋರ್ಡ್ ಬರೆಯುವವನಿಂದ ಬರೆಸಿದ ಅತ್ತೆಯ ಹೆಸರು. ‘ಫ್ಯಾಕ್ಟರಿ ಬಣ್ಣವೇ ಇರಲಿ’ ಎಂದವನು ನಾನೇ. ಎರಡು ದಿನದಲ್ಲಿ ಎಲ್ಲವೂ ಹೋಯಿತು. ಮಾವ ಬಂದು ಸುತ್ತ ನೋಡಿದರು. “ಬೇಷಾಗೈತಿ. ಯಾರ್ದಪ್ಪಾ ಇದು?” ಎಂದರು.

ಡಿ.ಎಲ್. ನರಸಿಂಹಾಚಾರ್ಯರಂಥವರು ಕಟ್ಟಿದ ಗ್ರಂಥ ಸಂಪಾದನೆಯ ಶಿಸ್ತಿನಲ್ಲಿ ಸಂಪಾದಕ ತಾನು ಬಿಟ್ಟ ಪಾಠವನ್ನೂ ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ಮುಂದೆ ಬರುವವರು ಅವನೊಂದಿಗೆ ಜಗಳವಾಡಲು ಅವಕಾಶವಿರುತ್ತದೆ. ನಮ್ಮ ಬೈಕ್ ಸಂಪಾದನೆಗೆ ಅಡಿಟಿಪ್ಪಣಿಯೇ ಇಲ್ಲ. ಸಾಣೆ ಕಾಗದ ಉಜ್ಜಿದ ಮೇಲೆ ಪಾಠಾಂತರ ಗ್ಯಾರೇಜಿನ ನೆಲದ ಧೂಳು. ಹವ್ಯಾಸಿಗಳು ಸೇರಿದಾಗಲೂ ಕ್ರೋಮಿನ ಹೊಳಪನ್ನೇ ಮೆಚ್ಚುತ್ತೇವೆ. ಇದನ್ನು ಯಾರು ಓಡಿಸಿದರು, ಏನು ಹೊತ್ತರು ಎಂದು ಕೇಳುವವರು ಕಡಿಮೆ. ಅಷ್ಟಕ್ಕೂ ಆ ‘ಮೂಲ’ವಾದರೂ ಯಾವುದು? ಜೆಕ್ ದೇಶದ ಜಾವಾ ಮೈಸೂರಿಗೆ ಬಂದು, 1970ರ ದಶಕದಲ್ಲಿ ಯೆಜ್ಡಿ ಎಂದು ಹೆಸರು ಬದಲಿಸಿಕೊಂಡಿತು. ಕಾರ್ಖಾನೆಯಿಂದ ಹೊರಬಿದ್ದದ್ದೇ ಒಂದು ಅನುವಾದ. ಮಾವನ ಮೊಣಕಾಲು ಅದಕ್ಕೆ ಬರೆದ ಟೀಕೆ. ನಾನು ಅನುವಾದವನ್ನು ಮೂಲವೆಂದು ನಂಬಿ ಟೀಕೆಯನ್ನು ಅಳಿಸಿಬಿಟ್ಟೆ.

ಈ ವಾರ ಕುರುಗೋಡಿನವರು ಅದೇ ಪೇಂಟರ್‌ನ ನಂಬರ್ ಕೇಳಿದ್ದಾರೆ. ಮೊದಲು ಟ್ಯಾಂಕಿನ ಫೋಟೋ ಕಳಿಸಿ, ನಾಲ್ಕೂ ಕಡೆಯಿಂದ, ಎಂದಿದ್ದೇನೆ.