ಹಾಲುಗಾಳಿನ ಹಬ್ಬ

ಮಂಗಳೂರಿನ ಕಂಕನಾಡಿಯ ಕಥೋಲಿಕ ಮನೆಗಳಲ್ಲಿ ಸೆಪ್ಟೆಂಬರ್ 8ರಂದು ಮೀನು, ಮಾಂಸ ಬೇಯುವುದಿಲ್ಲ. ಬಾಳೆಲೆಯ ಮೇಲೆ ಐದೋ ಏಳೋ ಒಂಬತ್ತೋ ಬಗೆಯ ತರಕಾರಿ ಪದಾರ್ಥ; ಲೆಕ್ಕ ಬೆಸವಾಗಿಯೇ ಇರಬೇಕು. ಊಟಕ್ಕೆ ಮೊದಲು ಮನೆಯ ಹಿರಿಯರು ಚರ್ಚಿನಿಂದ ತಂದ ಭತ್ತದ ತೆನೆಯಿಂದ ಕೆಲವು ಕಾಳು ಬಿಡಿಸಿ, ಸುಲಿದು, ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸುತ್ತಾರೆ. ಪ್ರಾರ್ಥನೆ ಮುಗಿದ ಮೇಲೆ ಅದನ್ನು ಎಲ್ಲರೂ ಗುಟುಕು ಗುಟುಕಾಗಿ ಕುಡಿಯುತ್ತಾರೆ. ಕೊಂಕಣಿಯಲ್ಲಿ ಇದು ನೊವೆಂ, ಅಂದರೆ ಹೊಸತು. ಮರಿಯಮ್ಮನ ಹುಟ್ಟುಹಬ್ಬವಾದ ಈ ದಿನ ಕೊಂಕಣಿಗರಿಗೆ ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆ ಹಬ್ಬ.

ಒಂದು ಪೈರಿನೊಳಗೆ ಧರ್ಮದ ಅರ್ಥ ಹುಡುಕುವ ಆಚರಣೆ ಇದು. ನಾವು ಹುಡುಕಿಕೊಂಡ ಅರ್ಥ ಆ ಪೈರಿಗೆ ಒಪ್ಪುತ್ತದೆಯೇ ಎಂದು ಕೇಳುವ ಕಾಲ ಬಂದಿದೆ.

ಹಬ್ಬದ ಮೂಲವನ್ನು ನೇತ್ರಾವತಿ ದಂಡೆಯ ಫರಂಗಿಪೇಟೆಯಲ್ಲಿ ಗುರುತಿಸುತ್ತಾರೆ. ಅಲ್ಲಿನ ಮೊಂತೆ ಮರಿಯಾನೊ ಚರ್ಚಿನಲ್ಲಿ ಗೋವಾ ಮೂಲದ ಪಾದ್ರಿ ಜೋಕಿಂ ಮಿರಾಂದಾ 1763ರಲ್ಲಿ ಇದನ್ನು ಆರಂಭಿಸಿದರೆಂದೂ ಆ ಚರ್ಚಿನ ಹೆಸರೇ ‘ಮೊಂತಿ’ಯಾಯಿತೆಂದೂ ಪರಂಪರೆಯ ವಿವರಣೆ. ಆದರೆ ತೆನೆಯನ್ನು ಗೌರವಿಸುವುದು ಈ ನೆಲಕ್ಕೆ ಚರ್ಚು ಕಲಿಸಿದ ಪಾಠವಲ್ಲ. ತುಳುವರು ಕುರಲ್ ಪರ್ಬದಲ್ಲಿ ಹೊಸ ತೆನೆಯನ್ನು ಮನೆ ತುಂಬಿಸಿಕೊಳ್ಳುತ್ತಾರೆ, ಬಾಗಿಲಿಗೆ ಕಟ್ಟುತ್ತಾರೆ, ಆಮೇಲೆ ಹೊಸ ಅಕ್ಕಿಯ ಊಟ ಮಾಡುತ್ತಾರೆ. ತುಳುವರು ಆರಾಧಿಸುವ ಬೈದರ್ಕಳ ಗರಡಿಯೂ ಚರ್ಚುಗಳೂ ಒಂದೇ ಪರಿಸರದಲ್ಲಿರುವ ಕಂಕನಾಡಿಯಲ್ಲಿ ಈ ಎರಡು ಆಚರಣೆಗಳು ಒಂದೇ ಗದ್ದೆಯಿಂದ ಹುಟ್ಟಿದವೆಂದು ಬೇರೆ ಹೇಳಬೇಕಾಗಿಲ್ಲ. ನೆಲದ ಭಾಷೆಯಲ್ಲೇ ದೇವರನ್ನು ಕರೆದದ್ದು ತೆನೆ ಹಬ್ಬದ ಮೊದಲ ಹಿರಿಮೆ.

ಈಗ ಅರ್ಥದ ಮಾತು. ಈ ದಿನ ನಾನು ಕೇಳುತ್ತ ಬಂದ ಪ್ರವಚನಗಳಲ್ಲಿ ಹೆಚ್ಚಿನವು ತೆನೆಯನ್ನು ಎರಡು ಬಗೆಯಲ್ಲಿ ಓದುತ್ತವೆ. ಬೆಳೆ ಕೊಟ್ಟ ದೇವರಿಗೆ ಕೃತಜ್ಞತೆ ಎಂಬುದು ಒಂದು. ಮಣ್ಣಿಗೆ ಬಿದ್ದು ಸತ್ತ ಕಾಳು ಬಹಳ ಫಲ ಕೊಡುತ್ತದೆ ಎಂಬ ಯೇಸುವಿನ ಮಾತು ಇನ್ನೊಂದು. ಎರಡೂ ಒಳ್ಳೆಯ ಮಾತುಗಳೇ. ಆದರೆ ಎರಡೂ ಈ ತೆನೆಯನ್ನು ಕಣ್ಣಿಟ್ಟು ನೋಡಿಲ್ಲ.

ಕರಾವಳಿಯ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಕೊಯ್ಲಿಗೆ ಬಂದಿರುವುದು ಅಪರೂಪ. ಬೇಗ ನಾಟಿಯಾದ ಗದ್ದೆಗಳಲ್ಲಿ ಕಾಳು ಗಟ್ಟಿಯಾಗಿರಬಹುದು. ಉಳಿದೆಡೆ ಪೈರು ಇನ್ನೂ ಹಸಿರು. ಭತ್ತದ ಹೂ ಬೆಳಗಿನ ಹೊತ್ತು ಸುಮಾರು ಒಂದು ಗಂಟೆ ಮಾತ್ರ ಅರಳಿ ಮುಚ್ಚಿಕೊಳ್ಳುತ್ತದೆ. ಆ ಹೊತ್ತಿಗೆ ಜಡಿಮಳೆ ಹೊಡೆದರೆ ಕಾಳು ಕಟ್ಟದೆ ಜೊಳ್ಳಾಗುತ್ತದೆ. ಕಟ್ಟಿದ ಕಾಳಿನಲ್ಲಿ ವಾರ ಹತ್ತು ದಿನಕ್ಕೆ ಹಾಲು ತುಂಬುತ್ತದೆ, ಹಾಲು ಹಿಟ್ಟಾಗುತ್ತದೆ, ಹೂಬಿಟ್ಟ ಸುಮಾರು 30 ದಿನಕ್ಕೆ ಮಾಗುತ್ತದೆ. ಹಬ್ಬದ ದಿನ ಬೇಸಾಯಗಾರನ ಕಣಜ ಬರಿದು, ಮಳೆಗಾಲ ಮುಗಿದಿಲ್ಲ, ಹಂದಿ, ಹಕ್ಕಿ, ನೆರೆ ಎಲ್ಲದರ ಭಯವೂ ಇದೆ. ಕೈಗೆ ಬಂದ ಬೆಳೆಗೆ ಸಲ್ಲಿಸುವ ಕೃತಜ್ಞತೆ ಇದಲ್ಲ. ಬರುವುದೋ ಇಲ್ಲವೋ ಗೊತ್ತಿಲ್ಲದ ಬೆಳೆಯ ಮೊದಲ ತೆನೆಯನ್ನು ದೇವರ ಮುಂದಿಡುವ ಧೈರ್ಯ ಇದು.

ಹಾಗೆ ನೋಡಿದರೆ ಮರಿಯಮ್ಮನ ಹುಟ್ಟಿಗೂ ತೆನೆಗೂ ಇರುವ ನಂಟು ತಾನಾಗಿ ತೆರೆದುಕೊಳ್ಳುತ್ತದೆ. ಅವಳು ಹುಟ್ಟಿದ ದಿನ ರಕ್ಷಣೆಯ ಕಾರ್ಯ ಮುಗಿದಿರಲಿಲ್ಲ. ಹಾಲುಗಾಳಿನ ಹಾಗೆ ಒಳಗೊಳಗೇ ಕಟ್ಟತೊಡಗಿತ್ತು. ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ಇದಕ್ಕೆ ಒಪ್ಪುವ ಸಾಮತಿಯಿದೆ: ಬಿತ್ತಿದವನು ಮಲಗಿ ಏಳುತ್ತಿರುವಾಗ ಅವನಿಗೆ ತಿಳಿಯದ ಹಾಗೆ ಮೊಳಕೆ, ತೆನೆ, ತುಂಬುಗಾಳು ಒಂದಾದ ಮೇಲೊಂದು ಬರುತ್ತವೆ. ತೆನೆ ಹಬ್ಬಕ್ಕೆ ಇದಕ್ಕಿಂತ ಹೊಂದುವ ಪಾಠ ನನಗೆ ಕಾಣದು.

ಆ ದಿನದ ಬಲಿಪೂಜೆಯಲ್ಲಿ ಓದುವುದು ಮತ್ತಾಯನ ವಂಶಾವಳಿ. ಹೆಸರುಗಳ ಉದ್ದದ ಪಟ್ಟಿಯೆಂದು ಪ್ರವಚನಕಾರರು ಅದನ್ನು ಬೇಗ ದಾಟಿಬಿಡುತ್ತಾರೆ. ಅಲ್ಲೇ ರೂತಳ ಹೆಸರಿದೆ. ಮೋವಾಬಿನಿಂದ ಬಂದ ಆ ಬಡ ವಿಧವೆ ಬೆತ್ಲೆಹೇಮಿನ ಜವೆಗೋಧಿಯ ಹೊಲದಲ್ಲಿ ಕೊಯ್ಲುಗಾರರ ಹಿಂದೆ ಹಕ್ಕಲು ಆಯ್ದವಳು. ಹೊಲದ ಅಂಚನ್ನು ಪೂರ್ತಿ ಕೊಯ್ಯದೆ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂದು ಮೋಶೆಯ ಕಟ್ಟಳೆ ಹೇಳಿತ್ತು. ಆ ಬಿಟ್ಟ ತೆನೆಯಿಂದಲೇ ದಾವೀದನ ವಂಶ ಉಳಿಯಿತು. ತೆನೆ ಕೈಯಲ್ಲಿ ಹಿಡಿದು ಕುಳಿತ ಸಭೆಗೆ ಈ ಕತೆ ಹೇಳದೆ ಬಿಡುವುದು ದೊಡ್ಡ ನಷ್ಟ.

ಆಚರಣೆಯ ಇನ್ನೊಂದು ಕೊರತೆ ಹೆಚ್ಚು ನೋವಿನದು. ಕಂಕನಾಡಿ ಇಂದು ಆಸ್ಪತ್ರೆ, ರೈಲು ನಿಲ್ದಾಣ, ವಸತಿ ಸಮುಚ್ಚಯಗಳ ಊರು. 1880ರಲ್ಲಿ ಜರ್ಮನ್ ಪಾದ್ರಿ ಆಗಸ್ಟಸ್ ಮುಲ್ಲರ್ ಇಲ್ಲಿನ ಗುಡ್ಡದ ಮೇಲೆ ಹೋಮಿಯೋಪಥಿ ಔಷಧಾಲಯ ತೆರೆದ ಕಾಲದ ಊರಲ್ಲ. ನಗರದ ಚರ್ಚುಗಳಿಗೆ ತೆನೆ ಈಗ ಹೊರಗಿನ ಬೈಲುಗಳಿಂದ ಬರಬೇಕು. ಹಬ್ಬಕ್ಕೆ ಮುಂಚಿನ ಒಂಬತ್ತು ದಿನದ ಪ್ರಾರ್ಥನೆಯಾದ ನೊವೆನದಲ್ಲಿ ಮಕ್ಕಳು ಬಾಲೆ ಮರಿಯಮ್ಮನಿಗೆ ಎರಚುವ ಹೂವು ಅನೇಕ ಮನೆಗಳಿಗೆ ಅಂಗಳದ ಬದಲು ಅಂಗಡಿಯಿಂದ ಬರುತ್ತದೆ. ಗೋವಾದ ತೆನೆ ಹಬ್ಬವಾದ ಕೊಣ್ಸಾಚೆಂ ಫೆಸ್ತ್ ಊರಿಂದೂರಿಗೆ ದಿನ ಬದಲಿಸಿಕೊಳ್ಳುತ್ತದೆ. ನಮ್ಮದು ಪಂಚಾಂಗದ ಒಂದೇ ದಿನಕ್ಕೆ ಕಟ್ಟುಬಿದ್ದಿದೆ. ಗದ್ದೆ ನೋಡದ ಮಗುವಿಗೆ ತೆನೆ ಬರಿಯ ಅಲಂಕಾರವಾಗಿ ಉಳಿದರೆ ತಪ್ಪು ಮಗುವಿನದಲ್ಲ.

ಹಾಗೆಂದು ಹಬ್ಬ ಸೋತಿಲ್ಲ. ಅದು ನನ್ನ ಖಚಿತ ಅಭಿಪ್ರಾಯ. ದೂರದ ಊರುಗಳಲ್ಲಿರುವ ಮಕ್ಕಳಿಗಾಗಿ ನಾಲ್ಕು ಕಾಳು ಎತ್ತಿಡುವ ತಾಯಂದಿರು ಇರುವವರೆಗೆ ನೊವೆಂಗೆ ಜೀವವಿದೆ. ಸೃಷ್ಟಿಯ ಕಾಳಜಿಗಾಗಿ ಕ್ರೈಸ್ತ ಸಭೆಗಳು ಮೀಸಲಿಟ್ಟ ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ಅವಧಿಯಲ್ಲೇ ಈ ಹಬ್ಬವೂ ಬರುತ್ತದೆ. ನಮ್ಮ ಧರ್ಮಗುರುಗಳಲ್ಲೂ ಧರ್ಮೋಪದೇಶದ ಶಿಕ್ಷಕರಲ್ಲೂ ನನ್ನ ಬಿನ್ನಹ ಇಷ್ಟೆ. ನೊವೆನದ ಒಂದು ಬೆಳಿಗ್ಗೆ ಮಕ್ಕಳನ್ನು ಗದ್ದೆಯ ಹುಣಿಗೆ ಕರೆದೊಯ್ಯಿರಿ. ಒಂದು ಹಸಿ ಕಾಳನ್ನು ಉಗುರಿನಿಂದ ಒತ್ತಿ ಹಾಲು ಒಸರುವುದನ್ನು ತೋರಿಸಿರಿ. ಬೆಳೆ ಉಳಿಸಿಕೊಂಡ ರೈತನಿಗೆ ತೆನೆಯ ಬೆಲೆಯನ್ನು ಗೌರವದಿಂದ ಕೊಡಿರಿ. ಹಬ್ಬದ ಮಧ್ಯಾಹ್ನ ಒಂದು ಎಲೆ ಹೆಚ್ಚು ಹಾಕಿ, ದೂರದ ರಾಜ್ಯದಿಂದ ಕೂಲಿಗೆ ಬಂದ ಒಬ್ಬರನ್ನೋ ಆಸ್ಪತ್ರೆಯಲ್ಲಿ ರೋಗಿಯ ಬಳಿ ಕಾದಿರುವ ಒಬ್ಬರನ್ನೋ ಊಟಕ್ಕೆ ಕರೆಯಿರಿ. ಹೊಲದ ಅಂಚಿನ ತೆನೆ ಅವರಿಗೆ ಸಲ್ಲತಕ್ಕದ್ದು.