ಗೋಡೆ ಒಡೆಯಬಲ್ಲವಳ ಮಾತು

ಅತಿಮಾನುಷ ಶಕ್ತಿಯ ಹೆಣ್ಣೊಬ್ಬಳು ತೆರೆಯ ಮೇಲೆ ಮೊದಲ ಸಲ ಬಲ ತೋರಿಸುವ ಗಳಿಗೆಗೆ ಸೀರಿಯಲ್ ಮಂದಿ ಭಾರೀ ತಯಾರಿ ಮಾಡಿಕೊಳ್ಳುತ್ತಾರೆ. ಗಾಳಿ ಬೀಸಬೇಕು, ಕೂದಲು ಹಾರಬೇಕು, ಹಿನ್ನೆಲೆಯಲ್ಲಿ ನಗಾರಿ ಬಡಿಯಬೇಕು. ‘ಜೆಸಿಕಾ ಜೋನ್ಸ್’ನ ಮೊದಲ ಕಂತಿನಲ್ಲಿ ಇದ್ಯಾವುದೂ ಇಲ್ಲ. ಕೋರ್ಟಿನ ಸಮನ್ಸ್ ಕೈಗೆ ತೆಗೆದುಕೊಳ್ಳದೆ ನುಣುಚಿಕೊಳ್ಳುವ ಆಸಾಮಿಯೊಬ್ಬ ಕಾರು ಹತ್ತಿ ಹೊರಡುತ್ತಾನೆ. ಜೆಸಿಕಾ ಹೋಗಿ ಕಾರಿನ ಹಿಂಬದಿಯನ್ನು ಎತ್ತಿ ಹಿಡಿಯುತ್ತಾಳೆ. ಚಕ್ರ ಸುಮ್ಮನೆ ಗಾಳಿಯಲ್ಲಿ ತಿರುಗುತ್ತದೆ, ಕಾಗದ ಅವನ ಕೈ ಸೇರುತ್ತದೆ. ಮುಗಿಯಿತು. ವಕೀಲೆಯೊಬ್ಬಳಿಗಾಗಿ ದುಡ್ಡಿಗೆ ಮಾಡಿದ ಕೆಲಸ ಅದು, ಲೋಕೋದ್ಧಾರ ಅಲ್ಲ.

ಸೂಪರ್‌ಹೀರೋ ಸರಣಿಗಳ ಹುಚ್ಚು ಹಿಡಿಸಿಕೊಂಡು ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಕೂತಿರುವ ಕನ್ನಡ ಮನೆಮಾತಿನವಳು ನಾನು. ನೂರಾರು ಕಂತು ನೋಡಿದ ಮೇಲೂ ಈ ಸರಣಿಯನ್ನು ಮೊದಲ ಸಾಲಿನಲ್ಲೇ ಕೂರಿಸುತ್ತೇನೆ. ಮೆಲಿಸ್ಸಾ ರೋಸೆನ್‌ಬರ್ಗ್ ಕಟ್ಟಿದ, ಕ್ರಿಸ್ಟನ್ ರಿಟ್ಟರ್ ನಾಯಕಿಯಾದ ಇದು ನೆಟ್‌ಫ್ಲಿಕ್ಸ್‌ನಲ್ಲಿ ಬಂದದ್ದು 2015ರ ನವೆಂಬರ್ 20ರಂದು. ನಮ್ಮ ದೇಶಕ್ಕೆ ನೆಟ್‌ಫ್ಲಿಕ್ಸ್ ಬಂದದ್ದೇ ಮರುವರ್ಷದ ಜನವರಿಯಲ್ಲಿ. ಸ್ತ್ರೀವಾದಿ ಗೆಳತಿಯರು ಇದನ್ನು ಹೊಗಳುವಾಗ ‘ಎಂಥಾ ಗಟ್ಟಿ ಹೆಣ್ಣು’ ಅನ್ನುತ್ತಾರೆ. ನನಗೆ ಆ ಹೊಗಳಿಕೆ ಒಗ್ಗುವುದಿಲ್ಲ. ಗಟ್ಟಿತನ ಈ ಕಥೆಯಲ್ಲಿ ಕೆಲಸಕ್ಕೆ ಬಾರದ ಸರಕು. ಗೋಡೆ ಒಡೆಯಬಲ್ಲ ಹೆಣ್ಣಿಗೂ ತನ್ನ ಮಾತನ್ನು ನಂಬಿಸಲಾಗುವುದಿಲ್ಲ ಎಂಬುದೇ ಮೊದಲ ಸೀಸನ್ನಿನ ಹದಿಮೂರು ಕಂತುಗಳ ಹೂರಣ.

ಖಳ ಕಿಲ್‌ಗ್ರೇವ್. ಡೇವಿಡ್ ಟೆನಂಟ್ ಮಾಡಿದ ಪಾತ್ರ. ಅವನು ಬಾಯಲ್ಲಿ ಹೇಳಿದ್ದನ್ನು ಕೇಳಿದವರು ಮಾಡಿಯೇ ತೀರಬೇಕು. ನೇಣು ಹಾಕಿಕೋ ಅಂದರೆ ಹಾಕಿಕೊಳ್ಳಬೇಕು, ನಗು ಅಂದರೆ ನಗಬೇಕು. ಜೆಸಿಕಾಳನ್ನು ತಿಂಗಳುಗಟ್ಟಲೆ ಹೀಗೆ ಹಿಡಿದಿಟ್ಟುಕೊಂಡಿದ್ದವನು. ಈಗ ಹೋಪ್ ಎಂಬ ಹುಡುಗಿ ಅವನ ಮಾತಿಗೆ ಸಿಕ್ಕು ಹೆತ್ತವರನ್ನೇ ಗುಂಡಿಟ್ಟು ಕೊಂದು ಜೈಲಿನಲ್ಲಿದ್ದಾಳೆ. ‘ಅವನು ಹೇಳಿದ, ನಾನು ಮಾಡಿದೆ’ ಅಂದರೆ ಯಾವ ನ್ಯಾಯಾಧೀಶರು ಒಪ್ಪುತ್ತಾರೆ? ಹೊಡೆದು ಕೆಡವುವುದು ಜೆಸಿಕಾಗೆ ಒಂದು ನಿಮಿಷದ ಮಾತು. ಆದರೆ ಅವನು ಸತ್ತರೆ ಹೋಪ್‌ಳ ಪರವಾಗಿ ನಿಲ್ಲುವ ಸಾಕ್ಷಿಯೂ ಸತ್ತಂತೆ. ಹಾಗಾಗಿ ಅವನನ್ನು ಜೀವಂತ ಹಿಡಿಯಬೇಕು, ಅವನ ವಿದ್ಯೆಯನ್ನು ಕ್ಯಾಮೆರಾ ಮುಂದೆ, ಪೊಲೀಸಿನವನೊಬ್ಬನ ಎದುರು ತೋರಿಸಿಕೊಡಬೇಕು. ಗಾಳಿಯಾಡದ ಕೋಣೆಯಲ್ಲಿ ಕೂಡಿಹಾಕಿ, ಅವನ ತಂದೆತಾಯಿಯನ್ನೇ ಕರೆತಂದು, ಏನೆಲ್ಲ ಮಾಡಿದರೂ ಕೈಗೆ ಬಂದ ಸಾಕ್ಷಿ ಬಾಯಿಗೆ ಬರುವುದಿಲ್ಲ.

ಎಂಟನೆಯ ಕಂತನ್ನು ಮಾತ್ರ ನಿಧಾನವಾಗಿ ನೋಡಬೇಕು. ಕಿಲ್‌ಗ್ರೇವ್ ಜೆಸಿಕಾ ಹುಟ್ಟಿ ಬೆಳೆದ ಮನೆಯನ್ನು ದುಡ್ಡು ಕೊಟ್ಟು, ಕಾಗದಪತ್ರ ಸರಿಯಾಗಿ ಮಾಡಿಸಿ ಕೊಂಡಿದ್ದಾನೆ. ಅವಳ ಕೋಣೆಯನ್ನು ಹಿಂದೆ ಹೇಗಿತ್ತೋ ಹಾಗೇ ಜೋಡಿಸಿದ್ದಾನೆ. ಬೇರೆಯವರ ಜೀವ ಉಳಿಯಲಿ ಎಂದು ಅವಳು ಬಂದು ಇರುತ್ತಾಳೆ. ಅಲ್ಲಿ ಅವಳು ಅವನಿಗೆ ಮುಖದ ಮೇಲೆ ಹೇಳುತ್ತಾಳೆ, ನೀನು ಮಾಡಿದ್ದು ಅತ್ಯಾಚಾರ ಎಂದು. ಅವನಿಗೆ ನಿಜಕ್ಕೂ ಅರ್ಥವಾಗುವುದಿಲ್ಲ! ದೊಡ್ಡ ಹೋಟೆಲಿನಲ್ಲಿ ಇಳಿಸಿದೆ, ಒಳ್ಳೊಳ್ಳೆ ಊಟ ಹಾಕಿಸಿದೆ ಎಂದು ಲೆಕ್ಕ ಒಪ್ಪಿಸುತ್ತಾನೆ. ಜನ ಮನಸ್ಸಿದ್ದು ಮಾಡುತ್ತಾರೋ ನಾನು ಹೇಳಿದ್ದಕ್ಕೆ ಮಾಡುತ್ತಾರೋ ನನಗೆ ಹೇಗೆ ಗೊತ್ತಾಗಬೇಕು ಎಂದು ಗೋಳಾಡುತ್ತಾನೆ. ಆ ಗೋಳನ್ನು ಕೇಳುವಾಗ ನನಗೆ ನೇರಳೆ ಸೂಟಿನ ಖಳ ಕಾಣಲಿಲ್ಲ. ಕೂಲಿ ಕೊಡುವವರು, ಹೆಣ್ಣು ಕೇಳಲು ಬಂದವರು, ಸಂಘದ ಅಧ್ಯಕ್ಷರು ಹೀಗೆ ಬಹಳ ಜನ ಸಾಲಾಗಿ ಕಂಡರು. ‘ಅವಳು ಬೇಡ ಅನ್ನಲೇ ಇಲ್ಲವಲ್ಲ’ ಎಂಬ ಮಾತಿಗೆ ಮಾಯಾಶಕ್ತಿಯೇನೂ ಬೇಕಿಲ್ಲ.

ನಮ್ಮ ಬಾಲ್ಯಕ್ಕೆ ಸಿಕ್ಕಿದ್ದು ‘ಶಕ್ತಿಮಾನ್’. 1997ರ ಸೆಪ್ಟೆಂಬರ್‌ನಿಂದ 2005ರವರೆಗೆ ದೂರದರ್ಶನದಲ್ಲಿ. ಕೊಡೈಕನಾಲ್ ಗೋಪುರದ ಕೃಪೆಯಿಂದ ಕಣಿವೆಯ ಆಂಟೆನಾಗಳಿಗೆ ಚಿತ್ರ ಬರುತ್ತಿತ್ತು, ಹಿಂದಿ ಮಾತ್ರ ಯಾರಿಗೂ ಬರುತ್ತಿರಲಿಲ್ಲ. ಹುಡುಗರು ಬೆರಳೆತ್ತಿ ಗಿರಗಿರ ತಿರುಗುತ್ತಿದ್ದರು. ನನ್ನ ಕಣ್ಣು ಪತ್ರಕರ್ತೆ ಗೀತಾ ವಿಶ್ವಾಸ್ ಮೇಲೆ. ಮೊದಲು ಕಿಟು ಗಿದ್ವಾನಿ, ಆಮೇಲೆ ವೈಷ್ಣವಿ ಮಹಂತ್. ಇಡೀ ಧಾರಾವಾಹಿಯಲ್ಲಿ ಏನಾಯಿತು, ಯಾರು ಮಾಡಿದರು ಎಂದು ಬೆನ್ನು ಹತ್ತುತ್ತಿದ್ದವಳು ಅವಳು. ಪಕ್ಕದಲ್ಲೇ ಇದ್ದ ಪೆದ್ದ ಫೋಟೋಗ್ರಾಫರ್ ಗಂಗಾಧರನೇ ಶಕ್ತಿಮಾನ್ ಎಂಬುದೊಂದನ್ನು ಬಿಟ್ಟು ಎಲ್ಲವನ್ನೂ ಪತ್ತೆ ಮಾಡುವಂತೆ ಅವಳನ್ನು ಬರೆದಿದ್ದರು. ಆ ಬರಹಗಾರರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ನಂತರ ‘ನಂದಿನಿ’ ಬಂತು. 2017ರ ಜನವರಿ, ಸುಂದರ್ ಸಿ. ಕಥೆ, ನಮ್ಮ ಕನ್ನಡದ ನಿತ್ಯಾ ರಾಮ್ ನಾಗಿಣಿ. ತಮಿಳು, ಕನ್ನಡ ಎರಡರಲ್ಲೂ ತೆಗೆದು ಸನ್ ಟೀವಿಗೂ ಉದಯಕ್ಕೂ ಒಟ್ಟಿಗೇ ಕೊಟ್ಟ ಧಾರಾವಾಹಿ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು ಎಂಬ ನಮ್ಮಂಥವರಿಗಾಗಿಯೇ ಮಾಡಿಸಿದಂತಿತ್ತು. ನನ್ನ ಸೋದರತ್ತೆ ಕನ್ನಡದ್ದನ್ನು ಎರಡು ನಿಮಿಷ ನೋಡಿ, ‘ಇದು ಬೆಂಗಳೂರಿನವರ ಮಾತು, ನಮ್ಮದಲ್ಲ’ ಎಂದು ತಮಿಳಿಗೆ ತಿರುಗಿಸಿದರು. ಅವರು ಆಗ ಕಂಬಂಮೆಟ್ಟು ಹತ್ತಿ ಕೇರಳದ ಏಲಕ್ಕಿ ತೋಟಕ್ಕೆ ದಿನಾ ಜೀಪಿನಲ್ಲಿ ಹೋಗಿ ಬರುತ್ತಿದ್ದ ಕಾಲ. ನಸುಕಿನಲ್ಲಿ ಬುತ್ತಿ ಕಟ್ಟಿಕೊಂಡು, ಹತ್ತು ಜನ ಕೂರುವ ಕಡೆ ಇಪ್ಪತ್ತು ಜನ ಒತ್ತಿಕೊಂಡು, ತಿರುವಿನಲ್ಲಿ ಒಬ್ಬರ ಸೆರಗು ಒಬ್ಬರು ಹಿಡಿದುಕೊಂಡು ಹೋಗುವ ಹೆಂಗಸರಲ್ಲಿ ಒಬ್ಬರು. ರಾತ್ರಿ ಕಾಲು ಚಾಚಿ ನಾಗಿಣಿಯನ್ನು ನೋಡುತ್ತಿದ್ದರು. ಒಂದು ದಿನ ಅಂದರು: ‘ಇಷ್ಟು ವಿಷ ಇಟ್ಟುಕೊಂಡು ಈ ಹಾವು ಮದುವೆ, ಪೂಜೆ, ಅಡುಗೆಮನೆ ಅಂತ ಯಾಕೆ ಸುತ್ತುತ್ತದೆ?’ ನನ್ನ ತಕರಾರೂ ಅದೇ. ನಾಗಿಣಿಯರ ಧಾರಾವಾಹಿಗಳಲ್ಲಿ ಹೆಣ್ಣಿಗೆ ಶಕ್ತಿಗೇನೂ ಬರವಿಲ್ಲ, ಮಾತಿಗೆ ಬರ. ಬಾಯಿ ಇರುವುದು ಕಚ್ಚಲಿಕ್ಕೆ. ದೂರು ಹೇಳಿ, ಯಾರಾದರೂ ಕೇಳಿ, ನಂಬಿ ಎಂಬ ಗೋಜಿಗೇ ಕಥೆ ಹೋಗುವುದಿಲ್ಲ.

ಆ ಗೋಜಿಗೆ ಹೋದವಳೊಬ್ಬಳು ನಮ್ಮ ತಲೆಯ ಮೇಲೇ ಇದ್ದಾಳೆ. ಗೂಡಲೂರು ದಾಟಿ ಪಳಿಯಂಕುಡಿಯಿಂದ ಕಾಡುದಾರಿಯಲ್ಲಿ ಹತ್ತಿದರೆ, ಪೆರಿಯಾರ್ ಹುಲಿ ಅಭಯಾರಣ್ಯದೊಳಗೆ, 1,300 ಮೀಟರಿಗೂ ಎತ್ತರದ ಬೆಟ್ಟದ ನೆತ್ತಿಯಲ್ಲಿ ಮಂಗಳಾದೇವಿ ಕಣ್ಣಗಿಯ ಕಲ್ಲಿನ ಗುಡಿ. ಜಾಗ ತಮ್ಮದೆಂದು ತಮಿಳುನಾಡು, ಕೇರಳ ಎರಡೂ ಹೇಳುತ್ತವೆ. ವರ್ಷಕ್ಕೆ ಒಂದೇ ದಿನ, ಚಿತ್ರಾ ಪೌರ್ಣಮಿಗೆ, ತೇನಿ ಮತ್ತು ಇಡುಕ್ಕಿ ಜಿಲ್ಲಾಡಳಿತಗಳು ಕೂಡಿ ಜನರನ್ನು ಬಿಡುತ್ತವೆ. ಕುಮಳಿಯಿಂದ ಜೀಪುಗಳು ಧೂಳೆಬ್ಬಿಸಿಕೊಂಡು ಏರುತ್ತವೆ. ಅರಣ್ಯ ಇಲಾಖೆಯವರು ಚೀಲ ಬಿಚ್ಚಿಸಿ ಪ್ಲಾಸ್ಟಿಕ್ ತೆಗೆಸುತ್ತಾರೆ. ಸಂಜೆಯೊಳಗೆ ಎಲ್ಲರೂ ಇಳಿದುಬಿಡಬೇಕು. ಹೆಂಗಸರು ಪ್ರಸಾದವೆಂದು ಬಳೆ, ಮಾಂಗಲ್ಯದ ದಾರ ಪಡೆದುಕೊಳ್ಳುತ್ತಾರೆ. ಗಂಡನನ್ನು ಅನ್ಯಾಯವಾಗಿ ಕಳೆದುಕೊಂಡವಳ ಗುಡಿಯಲ್ಲಿ ಮಾಂಗಲ್ಯದ ದಾರ! ಆ ಸಾಲಿನಲ್ಲಿ ನಿಂತಾಗಲೆಲ್ಲ ನನಗೆ ಇದು ಚುಚ್ಚುತ್ತದೆ, ಆದರೂ ಕೈಯೊಡ್ಡುತ್ತೇನೆ.

ಕಣ್ಣಗಿ ಅಂದರೆ ಎಲ್ಲರಿಗೂ ನೆನಪಾಗುವುದು ಮದುರೆಗೆ ಬಿದ್ದ ಬೆಂಕಿ. ‘ಶಿಲಪ್ಪದಿಕಾರಂ’ ಕಾವ್ಯದಲ್ಲಿ ಬೆಂಕಿಗೆ ಮೊದಲು ಒಂದು ವಿಚಾರಣೆ ನಡೆಯುತ್ತದೆ. ರಾಣಿಯ ಕಾಲಂದುಗೆ ಕದ್ದನೆಂದು ಅವಳ ಗಂಡ ಕೋವಲನ್ ತಲೆ ಹೋಗಿದೆ. ಕಣ್ಣಗಿ ಪಾಂಡ್ಯರಾಜನ ಸಭೆಗೆ ನುಗ್ಗಿ ನನ್ನ ಅಂದುಗೆಯ ಒಳಗಿರುವುದು ಮಾಣಿಕ್ಯ ಅನ್ನುತ್ತಾಳೆ. ನಮ್ಮದರಲ್ಲಿ ಮುತ್ತು ಅನ್ನುತ್ತಾನೆ ರಾಜ. ಅವಳು ಅಂದುಗೆಯನ್ನು ಒಡೆಯುತ್ತಾಳೆ, ಮಾಣಿಕ್ಯ ಸಿಡಿಯುತ್ತದೆ. ರಾಜ ತನ್ನ ತಪ್ಪು ತಿಳಿದು ಅಲ್ಲೇ ಸಾಯುತ್ತಾನೆ. ಪವಾಡದ ಸೋಂಕಿಲ್ಲದ, ಶುದ್ಧ ಪತ್ತೇದಾರಿ ಕೆಲಸ. ಮೊಕದ್ದಮೆ ಗೆದ್ದಾಗಿದೆ, ಅಪರಾಧಿ ಸತ್ತಾಗಿದೆ. ಊರು ಸುಟ್ಟದ್ದು ಗೆದ್ದ ಮೇಲೆ. ಜೆಸಿಕಾ ಜೋನ್ಸ್‌ಗೆ ಆ ಗೆಲುವೂ ಇಲ್ಲ. ಮೊದಲ ಸೀಸನ್ನಿನ ಕೊನೆಯ ಕಂತಿನಲ್ಲಿ, ಕಿಲ್‌ಗ್ರೇವ್‌ನ ವಶಕ್ಕೆ ಬಿದ್ದವಳಂತೆ ನಟಿಸಿ, ಅವನು ಇಷ್ಟು ದಿನ ಅವಳಿಗೆ ಹೇಳುತ್ತಿದ್ದಂತೆಯೇ ಅವನಿಗೆ ನಗು ಎಂದು ಹೇಳಿ ಕತ್ತು ಮುರಿಯುತ್ತಾಳೆ.

ಕಣ್ಣಗಿಯ ಬೆಂಕಿಗೆ ಒಂದು ಪಟ್ಟಿಯೂ ಇತ್ತು. ಬ್ರಾಹ್ಮಣರು, ಧರ್ಮಿಷ್ಠರು, ಹಸುಗಳು, ಮುದುಕರು, ಮಕ್ಕಳು, ಜೊತೆಗೆ ಪತಿವ್ರತೆಯರು. ಇವರನ್ನು ಬಿಟ್ಟು ಕೆಟ್ಟವರನ್ನು ಸುಡು ಎಂದು ಅಗ್ನಿಗೆ ಹೇಳುತ್ತಾಳೆ. ಪತಿವ್ರತೆಯಲ್ಲದವಳ ಗತಿ? ಅದೇ ಕಾವ್ಯದಲ್ಲಿ ಮಾಧವಿ ಇದ್ದಾಳೆ, ಕೋವಲನ್ ಕೂಡಿ ಬಿಟ್ಟುಬಂದ ನರ್ತಕಿ. ಅವಳು ಅಂದುಗೆ ಹಿಡಿದು ಪಾಂಡ್ಯನ ಬಾಗಿಲಿಗೆ ಹೋಗಿದ್ದರೆ ಕಾವಲುಗಾರ ಒಳಗೆ ಬಿಡುತ್ತಿದ್ದನೇ? ಮಾಣಿಕ್ಯ ಅದೇ ಮಾಣಿಕ್ಯವಾಗಿದ್ದರೂ? ಜೆಸಿಕಾ ಹಗಲಲ್ಲೇ ವಿಸ್ಕಿ ಕುಡಿಯುತ್ತಾಳೆ, ಮನ ಬಂದವನ ಜೊತೆ ಮಲಗುತ್ತಾಳೆ, ಬಾಯಿ ಬಿಟ್ಟರೆ ಬೈಗುಳ. ಸೂಪರ್‌ಹೀರೋ ಉಡುಪು ಕೊಟ್ಟರೆ ಗೇಲಿ ಮಾಡುತ್ತಾಳೆ. ಅವಳು ಮಗುವೊಂದನ್ನು ಕಾಪಾಡಿದ್ದು ಅಂಗಡಿಯ ಜಾಹೀರಾತಿನ ಸ್ಯಾಂಡ್‌ವಿಚ್ ವೇಷದಲ್ಲಿ. ಅವಳು ಮಾಧವಿಯ ಪೈಕಿ. ಅವಳ ಮಾತನ್ನೂ ನಂಬಿ ಎಂದು ಕೇಳುವ ಧೈರ್ಯ ಈ ಸರಣಿಗಿದೆ. ಮರೀನಾ ಕಡಲತೀರದಲ್ಲಿ ಕಣ್ಣಗಿಯ ಪ್ರತಿಮೆ ನಿಂತದ್ದು 1968ರಲ್ಲಿ. 2001ರಲ್ಲಿ ಅದನ್ನು ತೆಗೆದಾಗ ನಾಡೇ ಗದ್ದಲವೆದ್ದು, 2006ರಲ್ಲಿ ಮತ್ತೆ ನಿಲ್ಲಿಸಬೇಕಾಯಿತು. ಮಾಧವಿಗಾಗಿ ಹಾಗೆ ಗದ್ದಲ ಎದ್ದದ್ದು ನಾನು ಕೇಳಿಲ್ಲ.

ಇಷ್ಟು ಹೇಳಿ ಪಕ್ಕದ ಜಿಲ್ಲೆ ದಿಂಡಿಗಲ್ ಬಿಟ್ಟರೆ ತಪ್ಪಾಗುತ್ತದೆ. 2021ರ ಜನವರಿಯಲ್ಲಿ ಅಲ್ಲಿನ ಗಾರ್ಮೆಂಟ್ಸ್ ಕಾರ್ಖಾನೆಯ ದಲಿತ ಯುವತಿಯೊಬ್ಬಳು ಕೊಲೆಯಾದಳು; ಅವಳ ಮೇಲ್ವಿಚಾರಕನೇ ಬಂಧಿತನಾದ. ಆಮೇಲೆ ಜೊತೆ ಕೆಲಸದ ಹೆಂಗಸರು ಒಬ್ಬೊಬ್ಬರಾಗಿ ತಮ್ಮ ಮೇಲಾದದ್ದನ್ನು ಹೇಳತೊಡಗಿದರು. ಹೆಣ್ಣುಮಕ್ಕಳೇ ಮುಂದೆ ನಿಂತು ನಡೆಸುವ ತಮಿಳುನಾಡು ಜವಳಿ ಮತ್ತು ಸಾಮಾನ್ಯ ಕಾರ್ಮಿಕರ ಸಂಘ, ಟಿಟಿಸಿಯು, ಹಟ ಹಿಡಿಯಿತು. 2022ರ ಏಪ್ರಿಲ್‌ನಲ್ಲಿ ದಿಂಡಿಗಲ್ ಒಪ್ಪಂದವಾಯಿತು. ಕಾರ್ಖಾನೆಯ ಒಡೆತನದ ಕಂಪನಿ ಸಹಿ ಹಾಕಿತು, ಬಟ್ಟೆ ಕೊಳ್ಳುವ ಎಚ್ ಅಂಡ್ ಎಂ ಕೂಡ ಹಾಕಿತು. ಅದರ ಪ್ರಕಾರ ಕೆಲಸಗಾರ್ತಿಯರಲ್ಲೇ ತರಬೇತಾದ ಕೆಲವರು ಹೊಲಿಗೆ ಸಾಲುಗಳ ನಡುವೆ ಕಣ್ಣಿಟ್ಟಿರಬೇಕಿತ್ತು; ದೂರು ಕೊಟ್ಟವಳ ಮೇಲೆ ಹಗೆ ಸಾಧಿಸುವಂತಿರಲಿಲ್ಲ; ಕಾರ್ಖಾನೆ ಮಾತು ತಪ್ಪಿದರೆ ಆರ್ಡರಿಗೆ ಪೆಟ್ಟು. ಓದಲು ಬೇಸರದ ಕಾಗದ ಎಂದು ಕೆಲವರಿಗೆ ಅನ್ನಿಸೀತು. ನನಗೆ ಅದನ್ನು ಓದುವಾಗ ಹೋಪ್ ಜೈಲಿನಲ್ಲಿ ಕೂತದ್ದೇ ಕಣ್ಣಿಗೆ ಕಟ್ಟುತ್ತಿತ್ತು. ಇಂಥದ್ದನ್ನು ಇಟ್ಟುಕೊಂಡು ಒಂದು ಸರಣಿ ಬರೆಯುವವರಿದ್ದರೆ ಅದರ ಮೊದಲ ಪ್ರೇಕ್ಷಕಿ ನಾನೇ.

ಮೆಚ್ಚಿದ ಸರಣಿ ಎಂದು ಅದರ ಕೊಳೆಯನ್ನು ಮುಚ್ಚಬೇಕಿಲ್ಲ. 1999ರಲ್ಲಿ ಗೇಲ್ ಸಿಮೋನ್ ಎಂಬ ಓದುಗಿ, ಆಮೇಲೆ ತಾನೇ ಕಾಮಿಕ್ಸ್ ಬರಹಗಾರ್ತಿಯಾದವಳು, ಒಂದು ಪಟ್ಟಿ ಮಾಡಿದಳು. ನಾಯಕನಿಗೆ ರೋಷ ಬರಲೆಂದು ಕೊಲೆಯಾಗುವ ಹೆಣ್ಣುಗಳ ಪಟ್ಟಿ. ಗ್ರೀನ್ ಲ್ಯಾಂಟರ್ನ್ ಕಥೆಯೊಂದರಲ್ಲಿ ಪ್ರೇಯಸಿಯನ್ನು ಕೊಂದು ಫ್ರಿಜ್ಜಿನಲ್ಲಿ ತುರುಕಿದ್ದೇ ಅದಕ್ಕೆ ಹೆಸರಾಯಿತು. ಜೆಸಿಕಾಳ ಕಥೆಯಲ್ಲೂ ಒಬ್ಬಳು ಫ್ರಿಜ್ಜಿನವಳಿದ್ದಾಳೆ: ಜೆಸಿಕಾ ಒಲಿದ ಲ್ಯೂಕ್ ಕೇಜ್‌ನ ಹೆಂಡತಿ ರೀವಾ. ಕರಿಯ ಹೆಣ್ಣು. ಬಿಳಿಯ ನಾಯಕಿಯ ಪಶ್ಚಾತ್ತಾಪಕ್ಕೆ ಬೇಕೆಂದು ಸಾಯುತ್ತಾಳೆ, ಅವಳದೆಂಬ ಕಥೆ ಏನೂ ಇಲ್ಲ. ನಮ್ಮ ಸೀಮೆಯ ವಲಸೆಯ ಕಥೆಯಲ್ಲೂ ಇಂಥವಳೊಬ್ಬಳಿದ್ದಾಳೆ. ಸುಲ್ತಾನರ ಕಡೆಯವರು ನಮ್ಮ ಹೆಣ್ಣು ಕೇಳಿದರು, ಕುಲವೇ ರಾತ್ರೋರಾತ್ರಿ ಹೊರಟಿತು, ತುಂಗಭದ್ರೆ ತುಂಬಿ ಹರಿಯುತ್ತಿತ್ತು, ದಡದ ಹೊಂಗೆಮರ ಬಾಗಿ ಸೇತುವೆಯಾಯಿತು ಎಂದು ಕನ್ನಡ, ತೆಲುಗು ಮನೆಮಾತಿನ ಹಿರಿಯರು ಇಲ್ಲಿ ಹೇಳುತ್ತಾರೆ. ಮರಕ್ಕೂ ಒಂದು ಪಾತ್ರ ಸಿಕ್ಕಿದೆ. ಆ ಹುಡುಗಿ ಏನಂದಳು ಎಂದು ಕೇಳಿದರೆ ಹಿರಿಯರು ನೀರು ತರಲು ಕಳಿಸುತ್ತಾರೆ.

ಎರಡನೆಯ ಸೀಸನ್ 2018ರ ಮಾರ್ಚ್ 8ರಂದು, ಮಹಿಳಾ ದಿನಕ್ಕೆಂದೇ ಬಂತು. ಹದಿಮೂರು ಕಂತನ್ನೂ ಹೆಂಗಸರೇ ನಿರ್ದೇಶಿಸಿದರು. ಅದು ಹೆಮ್ಮೆಯ ವಿಷಯ, ಆದರೆ ಕಥೆ ಜೊಳ್ಳು. ಸತ್ತ ತಾಯಿ ಎದ್ದು ಬರುವ ಸರಕು ನಮ್ಮ ಚಾನೆಲ್ಲುಗಳಲ್ಲಿ ಬೇಕಾದಷ್ಟಿದೆ. 2019ರ ಮೂರನೆಯದನ್ನು ಬಿಡಬೇಡಿ. ಅಲ್ಲಿ ಮತ್ತೆ ಸಾಕ್ಷಿಯ ಹುಡುಕಾಟ, ಮತ್ತು ಸಾಕ್ಷಿಗೆ ಕಾಯಲಾರದೆ ತಾನೇ ತೀರ್ಪು ಕೊಡಲು ಹೊರಟ ಜೀವದ ಗೆಳತಿ ಟ್ರಿಶ್. ಅವಳನ್ನು ಪೊಲೀಸರಿಗೆ ಒಪ್ಪಿಸುವವಳು ಜೆಸಿಕಾಳೇ. ನನ್ನ ಸೋದರತ್ತೆಗೂ ಮೊದಲ ಸೀಸನ್ನಿನ ಮೊದಲ ಕಂತನ್ನು ಬಿಡಿಸಿ ಹೇಳುತ್ತ ತೋರಿಸಿದೆ. ಕಾರು ಎತ್ತಿದ್ದಕ್ಕೆ ಅವರು ಏನೂ ಅನ್ನಲಿಲ್ಲ. ಜೆಸಿಕಾ ಜಗಳಕ್ಕೆ ಬಂದವನನ್ನು ತನ್ನ ಆಫೀಸಿನ ಬಾಗಿಲಿನ ಗಾಜಿಗೆ ಎಸೆದಳಲ್ಲ, ಆಮೇಲೆ ಆ ಬಾಗಿಲಿಗೆ ರಟ್ಟು ಅಂಟಿಸಿಕೊಂಡೇ ದಿನ ದೂಡುತ್ತಾಳಲ್ಲ, ಅದನ್ನು ನೋಡಿ ಕೇಳಿದರು: ‘ಗಾಜು ಹಾಕಿಸಲಿಕ್ಕೆ ಇವಳಿಗೂ ವಾರದ ಕೂಲಿ ಬರಬೇಕಾ?’